ಎಂ70 ಕಾಂಕ್ರೀಟಿನಲ್ಲಿ ಹಾರುಬೂದಿ, ಸ್ಲ್ಯಾಗ್ ಪುಡಿ ಮತ್ತು ಮೈಕ್ರೊಸಿಲಿಕಾ: ಬಳಸುವ ಕ್ರಮ, ತಪ್ಪುವ ಜಾಗಗಳು

ಎಂ70 ದರ್ಜೆಯ, ಅಂದರೆ 28ನೇ ದಿನಕ್ಕೆ 70 ಮೆಗಾಪಾಸ್ಕಲ್ (ಚದರ ಮಿಲಿಮೀಟರಿಗೆ 70 ನ್ಯೂಟನ್) ಒತ್ತಡ ತಾಳಬೇಕಾದ ಕಾಂಕ್ರೀಟ್ ಕೈಕೊಡುವ ರೀತಿ ಹೆಚ್ಚುಕಡಿಮೆ ಎಲ್ಲ ಸೈಟುಗಳಲ್ಲೂ ಒಂದೇ. ಪ್ರಯೋಗಾಲಯದ ಟ್ರಯಲ್‌ನಲ್ಲಿ 80 ಮೆಗಾಪಾಸ್ಕಲ್ ದಾಟಿದ ಮಿಶ್ರಣ, ಕಂಬಕ್ಕೆ ಸುರಿಯುವ ದಿನ ಅಂಟಂಟಾಗಿ ಪಂಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ಯಾರೋ ನೀರು ಸೇರಿಸುತ್ತಾರೆ. ಬಲ ನೋಡಲು ಅಚ್ಚಿನಲ್ಲಿ ತುಂಬಿಟ್ಟ ಕ್ಯೂಬು 28ನೇ ದಿನ ಅರವತ್ತರ ಆಸುಪಾಸಿನಲ್ಲೇ ಒಡೆಯುತ್ತದೆ. ಆಮೇಲೆ ತಪ್ಪೆಲ್ಲ ಹಾರುಬೂದಿಯ ತಲೆಗೆ ಬರುತ್ತದೆ.

ಇಂಥ ಪ್ರಕರಣಗಳ ಕಡತ ತೆರೆದಾಗ ನನಗೆ ಮತ್ತೆ ಮತ್ತೆ ಸಿಕ್ಕ ಕಾರಣ ಬೇರೆ: ಹಳೆಯ ಮಿಶ್ರಣದಿಂದ 100 ಕಿಲೋ ಸಿಮೆಂಟ್ ತೆಗೆದು ಅಷ್ಟೇ ತೂಕದ ಬೂದಿ ಹಾಕಿ, ಉಳಿದದ್ದನ್ನು ಹಾಗೆಯೇ ಬಿಟ್ಟಿರುತ್ತಾರೆ. ಹಾರುಬೂದಿ (ಉಷ್ಣ ವಿದ್ಯುತ್ ಸ್ಥಾವರದ ಕಲ್ಲಿದ್ದಲ ಬೂದಿ), ಜಿಜಿಬಿಎಸ್ ಎಂದು ಕರೆಯುವ ಸ್ಲ್ಯಾಗ್ ಪುಡಿ (ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ), ಮೈಕ್ರೊಸಿಲಿಕಾ (ಅತಿ ನುಣುಪಾದ ಸಿಲಿಕಾ ಪುಡಿ), ಮೆಟಾಕಾಯೊಲಿನ್ (ಕಾಯಿಸಿದ ಜೇಡಿಮಣ್ಣಿನ ಪುಡಿ) ಇವೆಲ್ಲ ಸಿಮೆಂಟಿನ ಜೊತೆಗೂಡಿ ಕೆಲಸ ಮಾಡುವ ಪೂರಕ ಬಂಧಕಗಳು. ಇವುಗಳಲ್ಲಿ ಒಂದು ಸೇರಿದರೂ ನೀರು, ಅಡ್ಮಿಕ್ಸ್ಚರ್ (ಕಡಿಮೆ ನೀರಿನಲ್ಲೂ ಮಿಶ್ರಣ ಹರಿಯುವಂತೆ ಮಾಡುವ ರಾಸಾಯನಿಕ), ಮರಳು, ಕಲಸುವ ಸಮಯ, ಕ್ಯೂರಿಂಗ್ (ಗಟ್ಟಿಯಾಗುವಾಗ ತೇವ ಆರದಂತೆ ಕಾಯುವುದು), ಪರೀಕ್ಷೆಯ ದಿನ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಎಂ70 ದರ್ಜೆಯ ಕಂಬಗಳ ಉದಾಹರಣೆಯ ಮೇಲೆ ಇಲ್ಲಿ ವಿವರಿಸಿದ್ದೇನೆ. ಹಂತಗಳ ಕ್ರಮ ಬದಲಿಸಬೇಡಿ, ಏಕೆಂದರೆ ಪ್ರತಿ ಹಂತದ ಉತ್ತರ ಮುಂದಿನ ಹಂತಕ್ಕೆ ಬೇಕಾಗುತ್ತದೆ.

ಹಂತ 1: ಯಾವ ಪುಡಿ, ಯಾವ ಕೆಲಸಕ್ಕೆ

ಸಿಮೆಂಟ್ ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಬಲ ಕೊಡುವ ಅಂಟಿನ ಜೊತೆಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕೂಡ ಹುಟ್ಟುತ್ತದೆ. ಇದರಿಂದ ಬಲಕ್ಕೆ ಹೆಚ್ಚಿನ ಪ್ರಯೋಜನವಿಲ್ಲ. ಇದು ಜಲ್ಲಿಯ ಮೈಗೆ ಹತ್ತಿಕೊಂಡು ಶೇಖರವಾಗುವುದರಿಂದ ಅಲ್ಲಿನ ಪದರ ದುರ್ಬಲವಾಗುತ್ತದೆ. ಪೂರಕ ಬಂಧಕದಲ್ಲಿರುವ ಸಿಲಿಕಾ ಈ ಹೈಡ್ರಾಕ್ಸೈಡನ್ನು ಬಳಸಿಕೊಂಡು ಮತ್ತಷ್ಟು ಅಂಟನ್ನು ಹುಟ್ಟಿಸುತ್ತದೆ. ಆದರೆ ಎಲ್ಲ ಪುಡಿಗಳ ವೇಗ ಒಂದೇ ಅಲ್ಲ. ಸರಾಸರಿ 0.1 ಮೈಕ್ರಾನ್ ಗಾತ್ರದ, ಅಂದರೆ ಸಿಮೆಂಟ್ ಕಣದ ಸುಮಾರು ನೂರನೇ ಒಂದು ಭಾಗದಷ್ಟಿರುವ ಮೈಕ್ರೊಸಿಲಿಕಾ ಮೊದಲ ವಾರದಲ್ಲೇ ಕೆಲಸ ಆರಂಭಿಸುತ್ತದೆ ಮತ್ತು ಸಿಮೆಂಟ್ ಕಣಗಳ ನಡುವಿನ ಸಂದುಗಳನ್ನೂ ತುಂಬುತ್ತದೆ. ಹಾರುಬೂದಿ ನಿಧಾನ, ಅದರ ಕೊಡುಗೆಯ ದೊಡ್ಡ ಪಾಲು 28 ದಿನಗಳ ನಂತರ ಬರುತ್ತದೆ. ಸ್ಲ್ಯಾಗ್ ಪುಡಿ ಇವೆರಡರ ನಡುವೆ ನಿಲ್ಲುತ್ತದೆ.

ಆದ್ದರಿಂದ ಮೊದಲು ಅಗತ್ಯವನ್ನು ಬರೆದುಕೊಳ್ಳಿ. ಬಲವೇ ಮುಖ್ಯವಾದರೆ ಒಟ್ಟು ಬಂಧಕದ ಶೇ. 5ರಿಂದ 10ರಷ್ಟು ಮೈಕ್ರೊಸಿಲಿಕಾ ಬೇಕು. ಪಂಪಿನಲ್ಲಿ ಸರಾಗವಾಗಿ ಹರಿಯಬೇಕೆಂದರೆ, ಬಿಸಿ ಕಡಿಮೆಯಾಗಬೇಕೆಂದರೆ ಶೇ. 15ರಿಂದ 30ರಷ್ಟು ಹಾರುಬೂದಿ ಸೇರಿಸಬೇಕು. ಅದರ ದುಂಡನೆಯ ಕಣಗಳು ಮಿಶ್ರಣವನ್ನು ಜಾರುವಂತೆ ಮಾಡುತ್ತವೆ. ಮೀಟರಿಗಿಂತ ದಪ್ಪದ ಕಂಬ, ಟ್ರಾನ್ಸ್‌ಫರ್ ಬೀಮ್ ಅಥವಾ ರಾಫ್ಟ್ (ಕಟ್ಟಡದಡಿಯ ಹಾಸು ತಳಪಾಯ) ಆಗಿದ್ದರೆ ಶೇ. 25ರಿಂದ 50ರಷ್ಟು ಸ್ಲ್ಯಾಗ್ ಪುಡಿಯ ಬಗ್ಗೆ ಯೋಚಿಸಬೇಕು. ಮೈಕ್ರೊಸಿಲಿಕಾ ಒಂದನ್ನೇ ಬಳಸಿದರೆ ಮಿಶ್ರಣ ಅಂಟಾಗುತ್ತದೆ, ಬೂದಿಯೊಂದನ್ನೇ ಬಳಸಿದರೆ ಆರಂಭಿಕ ಬಲ ಸಾಲದು. ಎರಡನ್ನೂ ಸೇರಿಸಿದ ಮಿಶ್ರಣವೇ ಈ ದರ್ಜೆಗೆ ಸರಿಯಾದದ್ದು ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ನಡೆಯುವ ಸಾಮಾನ್ಯ ತಪ್ಪು ಸಿಮೆಂಟಿನ ಆಯ್ಕೆಯದು. ಪಿಪಿಸಿ ಎಂಬ ಬೆರಕೆ ಸಿಮೆಂಟಿನ ಚೀಲದಲ್ಲಿ ಆಗಲೇ ಶೇ. 15ರಿಂದ 35ರಷ್ಟು ಹಾರುಬೂದಿ ಇರಬಹುದು, ಪಿಎಸ್‌ಸಿಯಲ್ಲಿ ಸ್ಲ್ಯಾಗ್ ಇರುತ್ತದೆ. ಅದರ ಮೇಲೆ ಮತ್ತೆ ಶೇ. 25ರಷ್ಟು ಬೂದಿ ಹಾಕಿದವನಿಗೆ ತನ್ನ ಮಿಶ್ರಣದಲ್ಲಿ ನಿಜವಾದ ಸಿಮೆಂಟ್ ಎಷ್ಟಿದೆ ಎಂಬುದೇ ತಿಳಿಯುವುದಿಲ್ಲ. ಪೂರಕ ಬಂಧಕವನ್ನು ನೀವೇ ಸೇರಿಸುವುದಾದರೆ 53 ದರ್ಜೆಯ ಒಪಿಸಿಯನ್ನೇ (ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್) ತರಿಸಿ.

ಹಂತ 2: ಸಲಕರಣೆಗಳು ಸಿದ್ಧವಿವೆಯೇ

ಕೆಲಸ ಒಪ್ಪಿಕೊಳ್ಳುವ ಮೊದಲೇ ಈ ವಸ್ತುಗಳನ್ನು ಕಣ್ಣಾರೆ ನೋಡಿ: ಮಾರ್ಷ್ ಕೋನ್ (ಪೇಸ್ಟ್ ಎಷ್ಟು ಬೇಗ ಹರಿಯುತ್ತದೆಂದು ನೋಡುವ ಆಲಿಕೆ), ಸ್ಲಂಪ್ ಕೋನ್ (ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆಂದು, ಅಂದರೆ ಅದರ ಸ್ಲಂಪ್ ನೋಡುವ ಅಚ್ಚು), ಕಾಂಕ್ರೀಟಿನ ಒಳಗೆ ಚುಚ್ಚಿ ಉಷ್ಣತೆ ನೋಡುವ ಥರ್ಮಾಮೀಟರ್, ಮರಳಿನ ತೇವಾಂಶ ನೋಡಲು ಒಲೆ ಮತ್ತು ತಕ್ಕಡಿ, 45 ಮೈಕ್ರಾನ್ ಜರಡಿ, ಬಾಗದ ಉಕ್ಕಿನ ಕ್ಯೂಬ್ ಅಚ್ಚುಗಳು, ಮತ್ತು ನೀರಿನ ಉಷ್ಣತೆಯನ್ನು 27 ಡಿಗ್ರಿಯ ಆಸುಪಾಸಿನಲ್ಲಿ ಕಾಯ್ದುಕೊಳ್ಳುವ ಕ್ಯೂರಿಂಗ್ ತೊಟ್ಟಿ.

ಕ್ಯೂಬ್ ಒಡೆಯುವ ಯಂತ್ರದ ಸಾಮರ್ಥ್ಯವನ್ನು ಬಹಳಷ್ಟು ಮಂದಿ ಮರೆಯುತ್ತಾರೆ. 150 ಮಿಲಿಮೀಟರ್ ಕ್ಯೂಬಿನ ಮೇಲ್ಮೈ 22,500 ಚದರ ಮಿಲಿಮೀಟರ್; 80 ಮೆಗಾಪಾಸ್ಕಲ್ ಮುಟ್ಟಲು 1,800 ಕಿಲೋನ್ಯೂಟನ್ ಭಾರ ಬೇಕು. ಸೈಟುಗಳಲ್ಲಿ ಕಾಣುವ 1,000 ಕಿಲೋನ್ಯೂಟನ್‌ನ ಕೈಪಂಪಿನ ಯಂತ್ರ 44 ಮೆಗಾಪಾಸ್ಕಲ್‌ಗೇ ನಿಂತುಬಿಡುತ್ತದೆ. 2,000ದ ಯಂತ್ರ ಕೂಡ 88ರ ಹೊತ್ತಿಗೆ ತನ್ನ ಮಿತಿ ಮುಟ್ಟುತ್ತದೆ. 3,000 ಕಿಲೋನ್ಯೂಟನ್‌ನ ಯಂತ್ರವಿರುವ ಪ್ರಯೋಗಾಲಯವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಜಲ್ಲಿಯ ಗಾತ್ರ 20 ಮಿಲಿಮೀಟರ್ ಮೀರದಿದ್ದರೆ 100 ಮಿಲಿಮೀಟರ್ ಕ್ಯೂಬನ್ನೂ ಬಳಸಬಹುದು, ಆದರೆ ಚಿಕ್ಕ ಕ್ಯೂಬು ಸ್ವಲ್ಪ ಹೆಚ್ಚಿನ ಅಂಕಿ ತೋರಿಸುವುದರಿಂದ ಎರಡು ಗಾತ್ರಗಳ ಫಲಿತಾಂಶವನ್ನು ಒಂದೇ ಪಟ್ಟಿಯಲ್ಲಿ ಬೆರೆಸಬಾರದು.

ಹಂತ 3: ಬಂದ ಸಾಮಗ್ರಿಯನ್ನು ಒಪ್ಪಿಕೊಳ್ಳುವ ಮೊದಲು

ಹಾರುಬೂದಿಯನ್ನು ಭಾರತೀಯ ಮಾನಕ ಐಎಸ್ 3812ರ ಮೊದಲ ಭಾಗಕ್ಕೆ ಹೋಲಿಸಿ ನೋಡಬೇಕು. ಮುಖ್ಯವಾದವು ಎರಡು ಅಂಕಿ: ನುಣುಪು ಕಿಲೋಗೆ 320 ಚದರ ಮೀಟರಿಗಿಂತ ಕಡಿಮೆಯಿರಬಾರದು ಮತ್ತು ಸುಟ್ಟಾಗ ಕಳೆದುಕೊಳ್ಳುವ ತೂಕ ಶೇ. 5 ಮೀರಬಾರದು. ಎರಡನೆಯದು ಬೂದಿಯಲ್ಲಿ ಸುಡದೆ ಉಳಿದ ಇಂಗಾಲದ ಅಳತೆ. ಈ ಇಂಗಾಲ ಅಡ್ಮಿಕ್ಸ್ಚರನ್ನು ಹೀರಿಕೊಳ್ಳುತ್ತದೆ. ನಿನ್ನೆ ಶೇ. 1ರಷ್ಟು ಅಡ್ಮಿಕ್ಸ್ಚರ್ ಸಾಕಾಗಿದ್ದ ಮಿಶ್ರಣಕ್ಕೆ ಇವತ್ತು ಶೇ. 1.4 ಬೇಕಾದರೆ ಮೊದಲು ಬೂದಿಯ ಮೇಲೆ ಅನುಮಾನಪಡಿ. ಬೂದಿಯ ಬಣ್ಣ ಕಪ್ಪಿಗೆ ತಿರುಗಿದ್ದರೆ ಅಥವಾ ಗಾಜಿನ ಲೋಟದ ನೀರಿಗೆ ಹಾಕಿ ಕಲಕಿದಾಗ ಮೇಲೆ ಕರಿ ಪೊರೆ ತೇಲಿದರೆ ಆ ಟ್ಯಾಂಕರನ್ನು ನಿಲ್ಲಿಸಿ, ಪರೀಕ್ಷಾ ವರದಿ ಬರುವವರೆಗೆ ಇಳಿಸಬೇಡಿ.

ರಾಯಚೂರಿನ ಶಕ್ತಿನಗರವಿರಲಿ, ಬಳ್ಳಾರಿಯ ಕುಡಿತಿನಿಯಿರಲಿ, ಉಷ್ಣ ವಿದ್ಯುತ್ ಸ್ಥಾವರದಿಂದ ಬರುವ ಬೂದಿಯೆಲ್ಲ ಒಂದೇ ಅಲ್ಲ. ಚಿಮಣಿಗೆ ಹೋಗುವ ಹೊಗೆಯಿಂದ ವಿದ್ಯುತ್ ಶೋಧಕಗಳು ಹಿಡಿದ ಒಣ ಬೂದಿ ಮಾತ್ರ ನಮ್ಮ ಕೆಲಸಕ್ಕೆ ಬರುತ್ತದೆ. ಅದರಲ್ಲೂ ಶೋಧಕದ ಮೊದಲ ಸಾಲಿನ ಬೂದಿ ಒರಟು, ಮುಂದಿನ ಸಾಲುಗಳದ್ದು ನುಣುಪು. ನೀರಿನೊಡನೆ ಕೊಳಕ್ಕೆ ಹರಿಸಿ ನಂತರ ಅಗೆದು ತೆಗೆದ ಕೊಳದ ಬೂದಿಯನ್ನು ಈ ದರ್ಜೆಯ ಕಾಂಕ್ರೀಟಿಗೆ ಎಂದಿಗೂ ಬಳಸಬಾರದು.

ಸ್ಲ್ಯಾಗ್ ಪುಡಿಗೆ ಐಎಸ್ 16714 ಇದೆ. ಕುಲುಮೆಯ ಕರಗಿದ ಕಿಟ್ಟವನ್ನು ನೀರು ಹಾಯಿಸಿ ದಿಢೀರನೆ ತಣಿಸಿದಾಗಷ್ಟೇ ಅದು ಗಾಜಿನ ರೂಪ ಪಡೆದು ಕ್ರಿಯಾಶೀಲವಾಗುತ್ತದೆ, ತಾನಾಗಿ ನಿಧಾನವಾಗಿ ಆರಿದ ಕಿಟ್ಟ ಬರೀ ಕಲ್ಲು. ಆದ್ದರಿಂದ ಗಾಜಿನ ಅಂಶದ ವರದಿಯನ್ನು ಕೇಳಿ ಪಡೆಯಿರಿ. ಮೈಕ್ರೊಸಿಲಿಕಾಗೆ ಐಎಸ್ 15388 ಅನ್ವಯಿಸುತ್ತದೆ: ಸಿಲಿಕಾ ಕನಿಷ್ಠ ಶೇ. 85, ತೇವಾಂಶ ಗರಿಷ್ಠ ಶೇ. 3. ಚೀಲದಲ್ಲಿ ಹೆಪ್ಪುಗಟ್ಟಿದ ಗಡ್ಡೆಗಳು ಬೆರಳಲ್ಲಿ ಹಿಸುಕಿದರೂ ಪುಡಿಯಾಗದಿದ್ದರೆ ಅದನ್ನು ವಾಪಸು ಕಳಿಸಿ.

ಜಲ್ಲಿಯನ್ನೂ ಮರೆಯಬೇಡಿ. ಎಂ65 ಮತ್ತು ಅದಕ್ಕಿಂತ ಮೇಲಿನ ದರ್ಜೆಗಳಿಗೆ ಜಲ್ಲಿಯ ಕ್ರಷಿಂಗ್ ಮೌಲ್ಯ (ಒತ್ತಡಕ್ಕೆ ಪುಡಿಯಾಗುವ ಪಾಲು) ಶೇ. 22 ಮೀರಬಾರದು ಎಂದು ಐಎಸ್ 383 ಹೇಳುತ್ತದೆ. ಎಂ-ಸ್ಯಾಂಡ್ ತೊಳೆದದ್ದೇ ಆಗಿರಲಿ. ಮೈಕ್ರೊಸಿಲಿಕಾ, ಬೂದಿ ಎರಡೂ ನುಣುಪು ಪುಡಿಗಳು. ಅವುಗಳ ಜೊತೆ ಮರಳಿನ ಕಲ್ಲುಧೂಳೂ ಸೇರಿದರೆ ಮಿಶ್ರಣ ನೀರು ಕೇಳುತ್ತಲೇ ಇರುತ್ತದೆ. ಗಿಲಾವಿನ ಪಿ-ಸ್ಯಾಂಡ್ ಲಾರಿ ತಪ್ಪಿ ಈ ರಾಶಿಗೆ ಬಂದು ಬೀಳದಂತೆ ನೋಡಿಕೊಳ್ಳಿ.

ಹಂತ 4: ಮಿಶ್ರಣದ ಲೆಕ್ಕ

ಈ ಹಂತವನ್ನು ನಿಧಾನವಾಗಿ ಓದಿ. ಹೆಚ್ಚಿನ ವೈಫಲ್ಯಗಳ ಬೀಜ ಇಲ್ಲಿದೆ.

ಮೊದಲು ಗುರಿಬಲ. ಐಎಸ್ 10262:2019ರ ಪ್ರಕಾರ ಎಂ70ಕ್ಕೆ ಎರಡು ಲೆಕ್ಕ ಮಾಡಿ ದೊಡ್ಡದನ್ನು ತೆಗೆದುಕೊಳ್ಳಬೇಕು. 70ಕ್ಕೆ 6ರ (ಫಲಿತಾಂಶಗಳ ಏರಿಳಿತಕ್ಕೆಂದು ಮಾನಕ ಊಹಿಸುವ ಅಂಕಿ) 1.65 ಪಟ್ಟು ಸೇರಿಸಿದರೆ 79.9, 70ಕ್ಕೆ 8 ಸೇರಿಸಿದರೆ 78. ಆದ್ದರಿಂದ ಪ್ರಯೋಗಾಲಯದ ಗುರಿ 80 ಮೆಗಾಪಾಸ್ಕಲ್. ಟ್ರಯಲ್‌ನಲ್ಲಿ 74 ಬಂದಾಗ ಎಪ್ಪತ್ತು ದಾಟಿತೆಂದು ಸಮಾಧಾನಪಟ್ಟುಕೊಂಡವರು ಸೈಟಿನಲ್ಲಿ ಪೆಟ್ಟು ತಿನ್ನುತ್ತಾರೆ.

ಈ ಗುರಿಗೆ, 20 ಮಿಲಿಮೀಟರ್ ಜಲ್ಲಿಯೊಂದಿಗೆ, ನೀರು-ಬಂಧಕ ಅನುಪಾತ 0.29. ಇಲ್ಲಿ ಬಂಧಕವೆಂದರೆ ಸಿಮೆಂಟ್ ಮತ್ತು ಪೂರಕ ಬಂಧಕಗಳ ಒಟ್ಟು ತೂಕ. ಪಿಸಿಇ (ಪಾಲಿಕಾರ್ಬಾಕ್ಸಿಲೇಟ್ ಈಥರ್) ಜಾತಿಯ ಒಳ್ಳೆಯ ಅಡ್ಮಿಕ್ಸ್ಚರ್ ಬಳಸಿ ನೀರನ್ನು ಘನ ಮೀಟರಿಗೆ 145 ಕಿಲೋಗೆ ಇಳಿಸಬಹುದೆಂದು ಇಟ್ಟುಕೊಳ್ಳೋಣ. ಆಗ ಬಂಧಕ 145 ಭಾಗಿಸು 0.29, ಅಂದರೆ 500 ಕಿಲೋ. ಇದನ್ನು ಒಪಿಸಿ 375, ಹಾರುಬೂದಿ 100, ಮೈಕ್ರೊಸಿಲಿಕಾ 25 ಎಂದು ಹಂಚುತ್ತೇನೆ. ಐನೂರನ್ನೂ ಒಪಿಸಿಯಿಂದಲೇ ತುಂಬಿದ್ದರೆ ಕಾಂಕ್ರೀಟ್ ಸಂಹಿತೆ ಐಎಸ್ 456 ಹೇಳುವ 450 ಕಿಲೋ ಮಿತಿಯನ್ನು ದಾಟುತ್ತಿದ್ದೆವು. ಆ ಮಿತಿಯಲ್ಲಿ ಹಾರುಬೂದಿ ಮತ್ತು ಸ್ಲ್ಯಾಗ್ ಲೆಕ್ಕಕ್ಕೆ ಬರುವುದಿಲ್ಲ.

ಈಗ ಎಲ್ಲರೂ ಹಾರಿಸಿಬಿಡುವ ಮೆಟ್ಟಿಲು ಬರುತ್ತದೆ. ಒಂದು ಕಿಲೋ ಬೂದಿ ಒಂದು ಕಿಲೋ ಸಿಮೆಂಟಿಗಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಸಿಮೆಂಟಿನ ಸಾಪೇಕ್ಷ ಸಾಂದ್ರತೆ 3.15, ಬೂದಿ ಮತ್ತು ಮೈಕ್ರೊಸಿಲಿಕಾದ್ದು ಸುಮಾರು 2.2. ತೆಗೆದ 125 ಕಿಲೋ ಸಿಮೆಂಟಿನ ಗಾತ್ರ ಸುಮಾರು 40 ಲೀಟರ್. ಅದರ ಬದಲಿಗೆ ಬಂದ 125 ಕಿಲೋ ಪುಡಿಯ ಗಾತ್ರ 57 ಲೀಟರ್. ಈ 17 ಲೀಟರ್ ಹೆಚ್ಚುವರಿಗೆ ಜಾಗ ಮಾಡಲು ಸುಮಾರು 45 ಕಿಲೋ ಮರಳನ್ನು ಕಡಿಮೆ ಮಾಡಬೇಕು. ಮಾಡದಿದ್ದರೆ ಘನ ಮೀಟರೆಂದು ಬರೆದದ್ದು ಘನ ಮೀಟರಿಗಿಂತ ಹೆಚ್ಚಾಗುತ್ತದೆ, ಮಿಶ್ರಣದಲ್ಲಿ ನುಣುಪು ಪುಡಿ ಮಿತಿಮೀರುತ್ತದೆ, ಅಂಟು ಹೆಚ್ಚುತ್ತದೆ, ಕೊನೆಗೆ ಆ ಅಂಟನ್ನು ಬಿಡಿಸಲು ಯಾರೋ ನೀರಿನ ಪೈಪು ಹಿಡಿಯುತ್ತಾರೆ.

ಪೂರ್ತಿ ಲೆಕ್ಕ ಹೀಗೆ: ಸಿಮೆಂಟ್ 119 ಲೀಟರ್, ಬೂದಿ 45.5, ಮೈಕ್ರೊಸಿಲಿಕಾ 11.4, ನೀರು 145, ಅಡ್ಮಿಕ್ಸ್ಚರ್ 5 ಕಿಲೋಗೆ 4.6, ಗಾಳಿ 5, ಒಟ್ಟು 330.5 ಲೀಟರ್. ಸಾವಿರದಲ್ಲಿ ಉಳಿದ 669.5 ಲೀಟರ್ ಜಲ್ಲಿ ಮತ್ತು ಮರಳಿನ ಪಾಲು. ಪಂಪು ಮಾಡಬೇಕಾದ್ದರಿಂದ ಇದರಲ್ಲಿ ಶೇ. 64ನ್ನು ಜಲ್ಲಿಗೆ ಕೊಟ್ಟರೆ, 2.68 ಸಾಂದ್ರತೆಯ ಜಲ್ಲಿ 1,148 ಕಿಲೋ, 2.62 ಸಾಂದ್ರತೆಯ ಮರಳು 631 ಕಿಲೋ. ಈ ತೂಕಗಳು ಒಳಗೆ ತೇವ ತುಂಬಿ ಮೈ ಒಣಗಿದ ಸ್ಥಿತಿಯ ಜಲ್ಲಿ ಮತ್ತು ಮರಳಿಗೆ ಅನ್ವಯಿಸುತ್ತವೆ. ನಿಮ್ಮ ಕಲ್ಲಿನ, ನಿಮ್ಮ ಬೂದಿಯ ಸಾಂದ್ರತೆಯನ್ನು ಅಳೆದು ಇದೇ ದಾರಿಯಲ್ಲಿ ನೀವೇ ಲೆಕ್ಕ ಮಾಡಬೇಕು; ಮೇಲಿನ ಅಂಕಿಗಳನ್ನು ನಕಲು ಮಾಡಿ ಕಂಬಕ್ಕೆ ಸುರಿಯಬೇಡಿ.

ಅಡ್ಮಿಕ್ಸ್ಚರಿನೊಳಗಿನ ನೀರನ್ನೂ ಲೆಕ್ಕದಿಂದ ಕಳೆಯಬೇಕು. ಅದರಲ್ಲಿ ಘನಾಂಶ ಶೇ. 40 ಇದ್ದರೆ 5 ಕಿಲೋದಲ್ಲಿ 3 ಕಿಲೋ ನೀರೇ. ಮೈಕ್ರೊಸಿಲಿಕಾವನ್ನು ನೀರಿನಲ್ಲಿ ಕಲಸಿದ ದ್ರಾವಣವಾಗಿ ತರಿಸಿದರೆ ಅದರ ನೀರಿಗೂ ಇದೇ ನಿಯಮ.

ಹಂತ 5: ಸಿಮೆಂಟಿಗೂ ಅಡ್ಮಿಕ್ಸ್ಚರಿಗೂ ಹೊಂದಿಕೆ

ಕಾಂಕ್ರೀಟ್ ಕಲಸುವ ಮೊದಲು ಜಲ್ಲಿಯಿಲ್ಲದ ಪೇಸ್ಟನ್ನು ಮಾರ್ಷ್ ಕೋನಿನಲ್ಲಿ ಪರೀಕ್ಷಿಸಿ. 0.29ರ ಅನುಪಾತದಲ್ಲೇ ಮೂರೂ ಬಂಧಕಗಳನ್ನು ಕಲಸಿ, ಅಡ್ಮಿಕ್ಸ್ಚರನ್ನು ಶೇ. 0.6ರಿಂದ ಆರಂಭಿಸಿ 0.2ರಂತೆ ಏರಿಸುತ್ತ, ಒಂದು ಲೀಟರ್ ಪೇಸ್ಟ್ ಇಳಿಯಲು ಹಿಡಿದ ಸಮಯವನ್ನು 5ನೇ ನಿಮಿಷದಲ್ಲೂ 60ನೇ ನಿಮಿಷದಲ್ಲೂ ಬರೆದುಕೊಳ್ಳಿ. ಪ್ರಮಾಣ ಏರಿಸಿದರೂ ಸಮಯ ಇನ್ನು ಇಳಿಯುವುದಿಲ್ಲ ಎಂಬ ಬಿಂದುವೇ ನಿಮ್ಮ ಮಿತಿ. ಅದಕ್ಕಿಂತ ಹೆಚ್ಚು ಹಾಕಿದರೆ ಗಟ್ಟಿಯಾಗುವುದು ತಡವಾಗುತ್ತದೆ, ಜಲ್ಲಿ ಬೇರ್ಪಡುತ್ತದೆ.

ಎಚ್ಚರಿಕೆಯ ಗುರುತು ಇದು: 5ನೇ ನಿಮಿಷದಲ್ಲಿ ಸಲೀಸಾಗಿ ಹರಿದ ಪೇಸ್ಟು 60ನೇ ನಿಮಿಷಕ್ಕೆ ಕೋನಿನಲ್ಲೇ ನಿಂತರೆ ಆ ಸಿಮೆಂಟಿಗೆ ಆ ಅಡ್ಮಿಕ್ಸ್ಚರ್ ಒಗ್ಗುವುದಿಲ್ಲ. ಪ್ರಮಾಣ ಬದಲಿಸಿ ಒದ್ದಾಡುವುದಕ್ಕಿಂತ ಅಡ್ಮಿಕ್ಸ್ಚರನ್ನೇ ಬದಲಿಸುವುದು ಒಳ್ಳೆಯದು. ಸಿಮೆಂಟಿನ ಬ್ರ್ಯಾಂಡ್ ಬದಲಾದ ದಿನ, ಬೂದಿಯ ಮೂಲ ಬದಲಾದ ದಿನ ಈ ಅರ್ಧ ದಿನದ ಕೆಲಸವನ್ನು ಮತ್ತೆ ಮಾಡಿ.

ಹಂತ 6: ಟ್ರಯಲ್ ಮತ್ತು ಕಲಸುವ ಕ್ರಮ

ಚೀಲದಲ್ಲಿ ಬರುವ ಮೈಕ್ರೊಸಿಲಿಕಾ ಸಾಗಣೆಯ ಅನುಕೂಲಕ್ಕಾಗಿ ಒತ್ತಿ ಸಣ್ಣ ಕಾಳುಗಳಾಗಿ ಮಾಡಿದ್ದು. ಆ ಕಾಳುಗಳು ಒಡೆಯದಿದ್ದರೆ ಅವು ಮಿಶ್ರಣದಲ್ಲಿ ದುಬಾರಿ ಮರಳಾಗಿಯೇ ಉಳಿಯುತ್ತವೆ. ಕಾಳು ಒಡೆಯುವ ಕೆಲಸವನ್ನು ಜಲ್ಲಿಯೇ ಮಾಡಬೇಕು, ಆದ್ದರಿಂದ ಮೈಕ್ರೊಸಿಲಿಕಾವನ್ನು ಕೊನೆಗೆ ಸುರಿಯುವುದು ತಪ್ಪು.

ಪ್ರಯೋಗಾಲಯದ ಮಿಕ್ಸರಿನಲ್ಲಿ ಈ ಕ್ರಮ ಅನುಸರಿಸಿ. ಮುಕ್ಕಾಲು ಪಾಲು ನೀರು ಮತ್ತು ಎಲ್ಲ ಜಲ್ಲಿಯನ್ನು ಹಾಕಿ, ಮಿಕ್ಸರ್ ತಿರುಗುತ್ತಿರುವಾಗಲೇ ಮೈಕ್ರೊಸಿಲಿಕಾವನ್ನು ನಿಧಾನವಾಗಿ ಉದುರಿಸಿ ಒಂದೂವರೆ ನಿಮಿಷ ಕಲಸಿ. ನಂತರ ಸಿಮೆಂಟ್ ಮತ್ತು ಬೂದಿ, ಮತ್ತೆ ಒಂದೂವರೆ ನಿಮಿಷ. ಆಮೇಲೆ ಮರಳು, ಕೊನೆಗೆ ಅಡ್ಮಿಕ್ಸ್ಚರ್ ಬೆರೆಸಿದ ಉಳಿದ ನೀರು. ಐದು ನಿಮಿಷ ಕಲಸಿ, ಮೂರು ನಿಮಿಷ ಬಿಟ್ಟು, ಮತ್ತೆ ಐದು ನಿಮಿಷ ಕಲಸಿ. ಮೊದಲ ಎರಡು ನಿಮಿಷ ಮಿಶ್ರಣ ಒಣಗಿದ ಮಣ್ಣಿನಂತೆ ಕಾಣುತ್ತದೆ. ಅಡ್ಮಿಕ್ಸ್ಚರ್ ಕೆಲಸ ಆರಂಭಿಸಿದೊಡನೆ ಒಮ್ಮೆಲೇ ಹರಿಯತೊಡಗುತ್ತದೆ. ಆ ತಾಳ್ಮೆಯಿಲ್ಲದೆ ನೀರು ಹಾಕಿದವರ ಟ್ರಯಲ್‌ಗೆ ಅರ್ಥವಿಲ್ಲ.

ಮೈಕ್ರೊಸಿಲಿಕಾ ತೆರೆಯುವಾಗ ಎನ್95 ಮುಸುಕು ಮತ್ತು ಕನ್ನಡಕ ಕಡ್ಡಾಯ. ಆ ಧೂಳು ಬಹಳ ಹೊತ್ತು ಗಾಳಿಯಲ್ಲೇ ನಿಲ್ಲುತ್ತದೆ.

ಒಂದು ಮಿಶ್ರಣದ ಬದಲು ಮೂರು ಮಾಡಿ: ನೀವು ಲೆಕ್ಕ ಹಾಕಿದ 0.29, ಅದರ ಆಚೆಗೊಂದು, ಈಚೆಗೊಂದು. ಮೂರರಿಂದಲೂ 3, 7, 28, 56 ಮತ್ತು 90 ದಿನಗಳಿಗೆ ಸಾಕಾಗುವಷ್ಟು ಕ್ಯೂಬು ತೆಗೆಯಿರಿ. ಒಡೆದ ಕ್ಯೂಬಿನ ಒಳಮೈಯನ್ನು ನೋಡದೆ ಎಸೆಯಬೇಡಿ. ಬಿರುಕು ಜಲ್ಲಿಯ ಸುತ್ತ ಹೋಗಿ ಕಲ್ಲು ಇಡಿಯಾಗಿ ಕಿತ್ತು ಬಂದಿದ್ದರೆ ಪೇಸ್ಟು ದುರ್ಬಲ ಎಂದರ್ಥ. ಅನುಪಾತವನ್ನೋ ಮೈಕ್ರೊಸಿಲಿಕಾವನ್ನೋ ಸರಿಪಡಿಸಬೇಕು. ಬಿರುಕು ಎಲ್ಲೆಡೆ ಕಲ್ಲನ್ನೇ ಸೀಳಿಕೊಂಡು ಹೋಗಿಯೂ ಬಲ ಸಾಲದಿದ್ದರೆ ಮೈಕ್ರೊಸಿಲಿಕಾವನ್ನು ಎಷ್ಟು ಹೆಚ್ಚಿಸಿದರೂ ಪ್ರಯೋಜನವಿಲ್ಲ, ಕ್ವಾರಿಯನ್ನೇ ಬದಲಿಸಬೇಕು.

ಹಂತ 7: ಬ್ಯಾಚಿಂಗ್ ಘಟಕದಲ್ಲಿ

ಬೂದಿಗೂ ಸಿಮೆಂಟಿಗೂ ಬೇರೆ ಬೇರೆ ಸೈಲೊ (ಪುಡಿ ತುಂಬಿಡುವ ಎತ್ತರದ ಕಣಜ) ಇರಬೇಕು, ಒಂದೇ ಸೈಲೊವನ್ನು ನಡುವೆ ತಗಡು ಹಾಕಿ ಹಂಚಿಕೊಳ್ಳಬಾರದು. ಹಾರುಬೂದಿ ನೀರಿನಂತೆ ಸಣ್ಣ ಸಂದಿನಲ್ಲೂ ನುಸುಳುತ್ತದೆ. ನಾನು ಕೆಲಸ ಮಾಡಿದ ಒಂದು ಘಟಕದಲ್ಲಿ ರಾತ್ರಿ ಬಂದ ಬೂದಿಯ ಟ್ಯಾಂಕರನ್ನು ಸಿಮೆಂಟ್ ಸೈಲೊದ ಪೈಪಿಗೆ ಜೋಡಿಸಿಬಿಟ್ಟಿದ್ದರು. ಎರಡೂ ಬೂದುಬಣ್ಣದ ಪುಡಿ, ಯಾರಿಗೂ ಗೊತ್ತಾಗಲಿಲ್ಲ. ಮರುದಿನ ಸುರಿದ ಕಂಬಗಳು ಮೂರನೇ ದಿನವೂ ಉಗುರಿನಲ್ಲಿ ಗೀರುವಷ್ಟು ಮೆತ್ತಗಿದ್ದವು, ಅವನ್ನು ಒಡೆದು ತೆಗೆಯಬೇಕಾಯಿತು. ಅಂದಿನಿಂದ ಪ್ರತಿ ಸೈಲೊದ ಪೈಪಿನ ಬಾಯಿಗೆ ಬೇರೆ ಬಣ್ಣ, ಬೇರೆ ಬೀಗ ಇರಬೇಕು ಮತ್ತು ಬೀಗದ ಕೈ ಗುಣಮಟ್ಟದ ಇಂಜಿನಿಯರ್ ಬಳಿಯೇ ಇರಬೇಕು ಎಂದು ಪಟ್ಟು ಹಿಡಿಯುತ್ತೇನೆ.

ಒಂದೇ ತಕ್ಕಡಿಯಲ್ಲಿ ಒಂದರ ಮೇಲೊಂದು ತೂಗುವುದಾದರೆ ಸಿಮೆಂಟನ್ನು ಮೊದಲು ತೂಗಿ, ಪೂರಕ ಬಂಧಕವನ್ನು ಆಮೇಲೆ ತೂಗಿ.

ಆದರೆ ಘಟಕದಲ್ಲಿ ನಿಮ್ಮ ಕಣ್ಣು ಹೆಚ್ಚು ಹೊತ್ತು ಇರಬೇಕಾದದ್ದು ಮರಳಿನ ರಾಶಿಯ ಮೇಲೆ. 631 ಕಿಲೋ ಮರಳಿನಲ್ಲಿ ಶೇ. 1ರಷ್ಟು ತೇವಾಂಶ ತಪ್ಪಿದರೆ 6.3 ಕಿಲೋ ನೀರು ತಪ್ಪುತ್ತದೆ. ಶೇ. 2 ತಪ್ಪಿದರೆ ನಿಮ್ಮ 145 ಕಿಲೋ ನೀರು 157 ದಾಟುತ್ತದೆ, ಅನುಪಾತ 0.29ರಿಂದ 0.315ಕ್ಕೆ ಜಾರುತ್ತದೆ. ಎಂ25 ಕಾಂಕ್ರೀಟಿನಲ್ಲಿ ಇಷ್ಟು ವ್ಯತ್ಯಾಸ ಗಮನಕ್ಕೂ ಬರುವುದಿಲ್ಲ, ಇಲ್ಲಿ ಗುರಿಬಲದ ಅಂತರವನ್ನೆಲ್ಲ ಅದೊಂದೇ ನುಂಗಿಬಿಡುತ್ತದೆ. ತೊಳೆದ ಎಂ-ಸ್ಯಾಂಡಿನ ರಾಶಿ ಮೇಲೆ ಒಣಗಿ, ಬುಡದಲ್ಲಿ ನೀರು ಜಿನುಗುತ್ತಿರುತ್ತದೆ. ಹಿಂದಿನ ದಿನವೇ ತಂದು ತಗಡಿನ ಸೂರಿನ ಕೆಳಗೆ ನೀರು ಬಸಿಯಲು ಬಿಡಿ. ಸುರಿಯುವ ದಿನ ಬೆಳಿಗ್ಗೆ, ಆಮೇಲೆ ಎರಡು ಗಂಟೆಗೊಮ್ಮೆ, ಮಳೆ ಬಂದರೆ ಕೂಡಲೇ, ತೇವಾಂಶ ಅಳೆದು ನೀರನ್ನು ತಿದ್ದಿ.

ಕಲಸುವ ಸಮಯವನ್ನು ಮಾಮೂಲಿ ಮಿಶ್ರಣಕ್ಕಿಂತ ಹೆಚ್ಚಿಸಿ. ಎಷ್ಟು ಎಂಬುದನ್ನು ಮಿಕ್ಸರಿನ ವಿದ್ಯುತ್ ಮೀಟರ್ ಹೇಳುತ್ತದೆ: ಮುಳ್ಳು ಏರಿ, ಇಳಿದು, ಸ್ಥಿರವಾಗಿ ನಿಂತ ಮೇಲೆಯೇ ಬಾಗಿಲು ತೆರೆಯಬೇಕು. ಗಂಟೆಗೆ ಇಷ್ಟು ಘನ ಮೀಟರ್ ಎಂದು ಒಪ್ಪಂದ ಮಾಡಿಕೊಂಡವರು ಈ ಸಮಯವನ್ನು ಕತ್ತರಿಸಲು ಒತ್ತಡ ಹಾಕುತ್ತಾರೆ. ಬಗ್ಗಬೇಡಿ.

ಹಂತ 8: ಸೈಟಿಗೆ ಬಂದ ಮೇಲೆ

ಮೈಕ್ರೊಸಿಲಿಕಾ ಇರುವ ಕಾಂಕ್ರೀಟ್ ಅಂಟಿನದು. ಸ್ಲಂಪ್ ಅಂಕಿ ಅದೇ ಇದ್ದರೂ ಕೈಗೆ ಬಿಗಿಯಾಗಿ ಸಿಗುತ್ತದೆ. ಆದ್ದರಿಂದ ಮಾಮೂಲಿಗಿಂತ 40ರಿಂದ 50 ಮಿಲಿಮೀಟರ್ ಹೆಚ್ಚಿನ ಸ್ಲಂಪನ್ನು ಮೊದಲೇ ಗೊತ್ತುಮಾಡಿ, ಟ್ರಯಲ್‌ನಲ್ಲೇ ಅದನ್ನು ಸಾಧಿಸಿಕೊಳ್ಳಿ. ಟ್ರಾಫಿಕ್ಕಿನಲ್ಲಿ ಸಿಕ್ಕು ಸ್ಲಂಪ್ ಬಿದ್ದ ಗಾಡಿಗೆ ನೀರನ್ನಂತೂ ಹಾಕಲೇಬಾರದು. ಎರಡನೇ ಬಾರಿಗೆ ಹಾಕಬಹುದಾದ ಅಡ್ಮಿಕ್ಸ್ಚರಿನ ಪ್ರಮಾಣವನ್ನು ಟ್ರಯಲ್‌ನಲ್ಲಿ ನಿರ್ಧರಿಸಿ, ಅಳತೆಯ ಕ್ಯಾನಿನಲ್ಲಿ ಇಟ್ಟು, ಹಾಕುವ ಅಧಿಕಾರವನ್ನು ಒಬ್ಬರಿಗೇ ಕೊಡಿ. ಗಾಡಿಯ ನೀರಿನ ಟ್ಯಾಂಕಿನ ನಲ್ಲಿಗೆ ಸೀಲು ಹಾಕಿಸಿ.

ಕಾಂಕ್ರೀಟಿನ ಉಷ್ಣತೆ ಸುರಿಯುವಾಗ 40 ಡಿಗ್ರಿ ಮೀರಬಾರದು ಎಂಬುದು ಸಂಹಿತೆಯ ಮಿತಿ. ದಪ್ಪ ಕಂಬಗಳಿಗೆ ಅದು ತೀರಾ ಸಡಿಲವೆಂದು ನಾನು ಭಾವಿಸುತ್ತೇನೆ. ಮಂಜುಗಡ್ಡೆ ಹಾಕಿ 30ರ ಆಸುಪಾಸಿಗೆ ಇಳಿಸಿ. ಒಳಗಿನ ಉಷ್ಣತೆ 70 ಡಿಗ್ರಿ ದಾಟದಂತೆ, ಒಳಗೂ ಹೊರಮೈಗೂ 20 ಡಿಗ್ರಿಗಿಂತ ಹೆಚ್ಚು ಅಂತರವಾಗದಂತೆ ಥರ್ಮೊಕಪಲ್ ಇಟ್ಟು ನೋಡಬೇಕು. ಒಳಗೆ ಇನ್ನೂ ಕುದಿಯುತ್ತಿರುವ ಕಂಬದ ಶಟರಿಂಗನ್ನು ಮರುದಿನವೇ ತೆಗೆದು ಬೋರ್‌ವೆಲ್ಲಿನ ತಣ್ಣೀರು ಹೊಡೆದರೆ ಮೈತುಂಬ ಬಲೆಯಂಥ ಬಿರುಕು ಬರುತ್ತದೆ. ಅದನ್ನು ನೋಡಿ ಬೂದಿಯನ್ನು ಬೈದವರನ್ನು ಬಹಳ ಕಂಡಿದ್ದೇನೆ.

ಶಟರಿಂಗ್ ತೆಗೆಯುವ ದಿನವನ್ನು ಹಳೆಯ ರೂಢಿಯಿಂದ ನಿರ್ಧರಿಸದೆ, ಕಂಬದ ಪಕ್ಕದಲ್ಲೇ ಇಟ್ಟ ಕ್ಯೂಬು ಒಡೆದು ನಿರ್ಧರಿಸಿ. ಸ್ಲ್ಯಾಗ್ ಹೆಚ್ಚಿರುವ ಕಾಂಕ್ರೀಟು ಶಟರಿಂಗ್ ತೆಗೆದಾಗ ನೀಲಿ-ಹಸಿರಾಗಿ ಕಾಣಬಹುದು, ಕ್ಯೂಬಿನ ಒಳಗೂ ಆ ಬಣ್ಣ ಇರುತ್ತದೆ. ಇದು ಸಲ್ಫೈಡಿನ ಬಣ್ಣ, ಗಾಳಿ ತಾಗಿದಂತೆ ಮಾಯವಾಗುತ್ತದೆ. ಗಾಬರಿಯಾಗಬೇಡಿ.

ಹಂತ 9: ಕ್ಯೂರಿಂಗ್

ಮಾಮೂಲಿ ಕಾಂಕ್ರೀಟಿನ ಮೇಲೆ ಸ್ವಲ್ಪ ನೀರು ಒಸರಿ ನಿಲ್ಲುತ್ತದೆ, ಆ ನೀರೇ ಮೊದಲ ಕೆಲವು ಗಂಟೆ ಮೈಯನ್ನು ಕಾಯುತ್ತದೆ. ಮೈಕ್ರೊಸಿಲಿಕಾ ಇರುವ ಕಾಂಕ್ರೀಟಿನಲ್ಲಿ ಈ ಬ್ಲೀಡಿಂಗ್ ಬಹುತೇಕ ಇರುವುದೇ ಇಲ್ಲ. ಬಳ್ಳಾರಿ, ಕಲಬುರಗಿಯ ಏಪ್ರಿಲ್ ಗಾಳಿಗೆ ಒಡ್ಡಿದ ಸ್ಲ್ಯಾಬಿನ ಮೈ, ಮಟ್ಟ ಹೊಡೆಯುವಷ್ಟರಲ್ಲೇ ಒಣಗಿ ಬಿರುಕು ಬಿಡುತ್ತದೆ. ಸಮತಲ ಮೈಗಳಿಗೆ ಸುರಿದ ಕೂಡಲೇ ಮಂಜಿನಂತೆ ನೀರು ಸಿಂಪಡಿಸುವ ವ್ಯವಸ್ಥೆ ಬೇಕು, ಮಟ್ಟ ಮಾಡಿದ ಬೆನ್ನಿಗೇ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ನೀರು ಮೇಲೆ ಬರಲಿ ಎಂದು ಮೇಸ್ತ್ರಿ ಕಾಯುತ್ತ ಕೂರಬಾರದು, ಅದು ಬರುವುದಿಲ್ಲ.

ಕ್ಯೂರಿಂಗ್ ತಡವಾಗಿ ಆರಂಭಿಸಿದರೆ ಪ್ರಯೋಜನವಿಲ್ಲದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. 0.29ರ ಮಿಶ್ರಣದಲ್ಲಿ ಸಿಮೆಂಟ್ ಪೂರ್ತಿ ಕ್ರಿಯೆಗೊಳ್ಳುವಷ್ಟು ನೀರೇ ಇರುವುದಿಲ್ಲ, ಒಳಗಿನ ತೇವವನ್ನು ಅದೇ ಹೀರಿಕೊಂಡು ತಾನೇ ಕುಗ್ಗುತ್ತದೆ. ಕೆಲವು ದಿನ ಕಳೆದರೆ ಕಾಂಕ್ರೀಟ್ ಎಷ್ಟು ಬಿಗಿಯಾಗುತ್ತದೆಂದರೆ ಹೊರಗಿನ ನೀರು ಒಳಕ್ಕೆ ಇಳಿಯುವುದಿಲ್ಲ. ಶಟರಿಂಗ್ ತೆಗೆದ ಗಂಟೆಯಲ್ಲೇ ಕಂಬಕ್ಕೆ ಒದ್ದೆ ಗೋಣಿತಾಟು ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಬಿಗಿದು, ಮೇಲಿನಿಂದ ಹನಿ ಹನಿಯಾಗಿ ನೀರು ಬಿಡಿ. ಬೆಳಿಗ್ಗೆ ಸಂಜೆ ಪೈಪಿನಲ್ಲಿ ನೀರು ಹೊಡೆದು ನಡುವೆ ಒಣಗಲು ಬಿಡುವ ನಮ್ಮ ಸೈಟುಗಳ ರೂಢಿ ಈ ದರ್ಜೆಗೆ ನಡೆಯುವುದಿಲ್ಲ.

ಎಷ್ಟು ದಿನ? ಪೂರಕ ಬಂಧಕಗಳಿದ್ದರೆ ಕನಿಷ್ಠ 10 ದಿನ, ಬಿಸಿ ಮತ್ತು ಒಣ ಹವೆಯಲ್ಲಿ 14 ದಿನ ಎಂದು ಐಎಸ್ 456 ಹೇಳುತ್ತದೆ. ಒಪಿಸಿಯ 7 ದಿನಗಳ ಲೆಕ್ಕವನ್ನು ಇಲ್ಲಿಗೆ ತರುವುದು ನಾನು ಹೆಚ್ಚು ಬಾರಿ ಕಂಡ ತಪ್ಪು. ಬೂದಿ ತನ್ನ ಕೆಲಸವನ್ನು ಸರಿಯಾಗಿ ಶುರುಮಾಡುವ ಹೊತ್ತಿಗೆ ನೀರು ನಿಲ್ಲಿಸಿದಂತಾಗುತ್ತದೆ.

ಹಂತ 10: ಕ್ಯೂಬು, ಮತ್ತು ಅಂಕಿ ಕಡಿಮೆ ಬಂದಾಗ

ಅಚ್ಚಿಗೆ ತುಂಬಿದ ಕ್ಯೂಬನ್ನು ಮೊದಲ 24 ಗಂಟೆ ಬಿಸಿಲಿನಲ್ಲಿ ಬಿಡಬಾರದು. 27 ಡಿಗ್ರಿಯ ಆಸುಪಾಸಿನ ಕೋಣೆಯಲ್ಲಿ ಒದ್ದೆ ಗೋಣಿ ಹೊದಿಸಿ ಇಡಬೇಕು. ಯಂತ್ರದಲ್ಲಿ ಭಾರ ಏರುವ ವೇಗ ನಿಮಿಷಕ್ಕೆ 14 ಮೆಗಾಪಾಸ್ಕಲ್. ಅಂದರೆ 80ಕ್ಕೆ ಒಡೆಯುವ ಕ್ಯೂಬಿಗೆ ಐದೂವರೆ ನಿಮಿಷಕ್ಕೂ ಹೆಚ್ಚು ಹಿಡಿಯಬೇಕು. ಎರಡೇ ನಿಮಿಷದಲ್ಲಿ ಒಡೆದು ಕೊಟ್ಟ ಒಳ್ಳೆಯ ಅಂಕಿಯನ್ನು ನಂಬಬೇಡಿ. ಕ್ಯೂಬಿನ ಮೈ ಸಮತಟ್ಟಾಗಿಲ್ಲದಿದ್ದರೆ ಮೂಲೆ ಮಾತ್ರ ಸಿಡಿಯುತ್ತದೆ. ನಾಲ್ಕೂ ಬದಿ ಸಮನಾಗಿ ಕಳಚಿ ನಡುವೆ ಮರಳು ಗಡಿಯಾರದ ಆಕಾರ ಉಳಿದರಷ್ಟೇ ಆ ಪರೀಕ್ಷೆ ಸರಿಯಾದದ್ದು.

28ನೇ ದಿನ ಅಂಕಿ ಕಡಿಮೆ ಬಂದರೆ ಈ ಕ್ರಮದಲ್ಲಿ ಹುಡುಕಿ: ಮೂರು ಕ್ಯೂಬುಗಳಲ್ಲಿ ಯಾವುದಾದರೂ ಸರಾಸರಿಯಿಂದ ಶೇ. 15ಕ್ಕಿಂತ ಹೆಚ್ಚು ದೂರವಿದೆಯೇ. ಹಾಗಿದ್ದರೆ ಕ್ಯೂಬ್ ಮಾಡಿದ ರೀತಿಯನ್ನು ಪರಿಶೀಲಿಸಿ. ಮೂರೂ ಒಟ್ಟಿಗೆ ಕಡಿಮೆಯಿದ್ದರೆ ಆ ದಿನದ ಬ್ಯಾಚ್ ಚೀಟಿಯಲ್ಲಿ ನೀರು ಮತ್ತು ಮರಳಿನ ತೇವಾಂಶವನ್ನು ನೋಡಿ. ಅದು ಸರಿಯಿದ್ದರೆ ಬೂದಿಯ ಟ್ಯಾಂಕರಿನ ಸಂಖ್ಯೆ ಹಿಡಿದು, ತೆಗೆದಿಟ್ಟ ಮಾದರಿಯನ್ನು 45 ಮೈಕ್ರಾನ್ ಜರಡಿಗೆ ಹಾಕಿ. ಪ್ರತಿ ಟ್ಯಾಂಕರಿನಿಂದ ಎರಡು ಕಿಲೋ ಮಾದರಿಯನ್ನು ಮುಚ್ಚಿದ ಡಬ್ಬದಲ್ಲಿ 90 ದಿನ ಇಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಬೂದಿ ಅಥವಾ ಸ್ಲ್ಯಾಗ್ ಹೆಚ್ಚಿರುವ ಮಿಶ್ರಣವನ್ನು 56ನೇ ದಿನದ ಬಲದ ಮೇಲೆ ಒಪ್ಪಿಕೊಳ್ಳುವುದು ನ್ಯಾಯವಾದ ಕ್ರಮ, ಏಕೆಂದರೆ ಕೆಳಗಿನ ಕಂಬದ ಮೇಲೆ ಪೂರ್ತಿ ಭಾರ ಬರಲು ತಿಂಗಳುಗಳೇ ಹಿಡಿಯುತ್ತವೆ. ಆದರೆ ಈ ಒಪ್ಪಿಗೆಯನ್ನು ವಿನ್ಯಾಸಕಾರರಿಂದ ಕೆಲಸ ಆರಂಭಿಸುವ ಮೊದಲೇ ಬರಹದಲ್ಲಿ ಪಡೆದಿರಬೇಕು. ಕ್ಯೂಬು ಬಿದ್ದ ಮೇಲೆ ಕೇಳಿದರೆ ಯಾರೂ ಸಹಿ ಹಾಕುವುದಿಲ್ಲ, ಹಾಕಲೂಬಾರದು. ಪ್ರತಿ ಸುರಿತದಿಂದ 56 ಮತ್ತು 90 ದಿನಗಳಿಗೆಂದು ಮೂರು ಮೂರು ಕ್ಯೂಬು ಹೆಚ್ಚಿಗೆ ತೆಗೆದು ತೊಟ್ಟಿಯಲ್ಲೇ ಬಿಡಿ. 28ನೇ ದಿನದ ಅಂಕಿ ಅಂಚಿನಲ್ಲಿ ನಿಂತಾಗ ಕಂಬಕ್ಕೆ ಕೊರೆಯುವ ಯಂತ್ರ ಹಚ್ಚುವ ಮೊದಲು ಆ ಕ್ಯೂಬುಗಳನ್ನು ಒಡೆದು ನೋಡಲು ಸಾಧ್ಯವಾಗುತ್ತದೆ.